ಜಾವಾದ ಕುತ್ತಿಗೆ

ಜಾವಾ ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರದ ತೋಳನ್ನು ಚಾಸಿಗೆ ಹಿಡಿದಿಟ್ಟ ಪಿನ್ನು ಮೂರು ದಿನದಿಂದ ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. ಸೀಮೆಎಣ್ಣೆ ಉಣಿಸಿ ಆಯಿತು, ಹಳೆಯ ಇಂಜಿನ್ ಆಯಿಲ್ ಉಣಿಸಿ ಆಯಿತು. ಈಗ ಬ್ಲೋಲ್ಯಾಂಪಿನಲ್ಲಿ ಕಾಯಿಸಿ, ಹಿತ್ತಾಳೆಯ ತುಂಡು ಅಡ್ಡವಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ ವೀರೇಶನಿಗೆ ಪಿನ್ನಿಗಿಂತ ಹೆಚ್ಚಾಗಿ ಬೆನ್ನ ಹಿಂದಿನ ಪ್ಲಾಸ್ಟಿಕ್ ಕುರ್ಚಿಯ ಮೇಲೇ ಲಕ್ಷ್ಯ. ಅಲ್ಲಿ ಹೆಂಡತಿಯ ತಮ್ಮ ಗೂಳಪ್ಪ ಕೂತಿದ್ದ. ಎಡ ಮೊಣಕಾಲಿನ ಕೆಳಗಿನ ಜೈಪುರದ ಕೃತಕ ಕಾಲನ್ನು ಬಿಚ್ಚಿ, ಹಿತ್ತಲ ಗೋಡೆಗೆ, ಪೆಟ್ರೋಲ್ ಟಾಕಿ, ಮಡ್‌ಗಾರ್ಡು, ಸೈಲೆನ್ಸರುಗಳ ಸಾಲಿನಲ್ಲಿಯೇ ಒರಗಿಸಿಟ್ಟಿದ್ದ. ಅದನ್ನು ಇಡಲು ಒಳಗೆ ಜಾಗವಿರಲಿಲ್ಲವೆಂದಲ್ಲ. ಬಿಚ್ಚಿದ ಸಾಮಾನುಗಳನ್ನು ತಿರುಗಿ ನೋಡುವಾಗಲೆಲ್ಲ ವೀರೇಶನ ಕಣ್ಣು ಅದರ ಮೇಲೆ ಹಾಯ್ದೇ ಹೋಗಬೇಕಿತ್ತು. ಹಾಯುತ್ತಿತ್ತು.

"ಮಿಲ್ಲಿನ್ಯಾಗೂ ಹಿಂಗ ಬಡೀತೀರೇನ್ರಿ ಮಾಮಾ?" ಎಂದ ಗೂಳಪ್ಪ. "ಫಿಟ್ಟರ್ ಅಂತಾರ ನಿಮಗ. ನಮ್ಮ ಹಳಿಯಾಳದ ಕಮ್ಮಾರ ಆಗಿದ್ರ ಇಷ್ಟೊತ್ತಿಗೆ ಕೈ ತೊಳ್ಕೊಂಡು ಚಹಾ ಕುಡೀತಿದ್ದ."

ವೀರೇಶ ಸುತ್ತಿಗೆ ಎತ್ತಿ ಮತ್ತೊಮ್ಮೆ ಹೊಡೆದ. ಗೂಳಪ್ಪನಿಗೆ ಉತ್ತರ ಕೊಡುವ ಹಕ್ಕು ತನಗಿಲ್ಲವೆಂಬುದು ಹನ್ನೆರಡು ವರ್ಷದಿಂದ ಈ ಸಂಬಂಧದೊಳಗೆ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಒಪ್ಪಿದ್ದ ಮಾತು. ಇದೇ ಗಾಡಿ. ತೊಂಬತ್ತಮೂರರ ಬೇಸಿಗೆಯಲ್ಲಿ ವೀರೇಶ ಓಡಿಸುತ್ತಿದ್ದ, ಇಪ್ಪತ್ತು ವರ್ಷದ ಗೂಳಪ್ಪ ಹಿಂದೆ ಕೂತಿದ್ದ. ಕೆರವಾಡದ ಹತ್ತಿರ ಗಾಡಿ ಉರುಳಿತು, ಎದುರಿನಿಂದ ಬಿದಿರು ಹೇರಿಕೊಂಡ ಲಾರಿ ಬಂತು. ವೀರೇಶನ ಮೊಣಕೈ ತರಚಿತು. ಗೂಳಪ್ಪನ ಕಾಲು ಹೋಯಿತು. ನಾಯಿ ಅಡ್ಡ ಬಂತು ಎಂದು ವೀರೇಶ ಹೇಳಿದ. ಹುಬ್ಬಳ್ಳಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಸುನಂದಾ, ಮದುವೆಯಾಗಿ ಎರಡೇ ವರ್ಷವಾದ ಹೆಂಡತಿ, ನಾಲ್ಕು ಮಂದಿಯೆದುರು ಅವನ ಕೊರಳಪಟ್ಟಿ ಹಿಡಿದು, "ಹುಚ್ಚರಂಗ ಓಡಿಸಿ ನನ್ನ ತಮ್ಮನ ಕಾಲು ತಿಂದ್ರಲ್ರೀ" ಎಂದಿದ್ದಳು. ಹಿಡಿದ ಕೈ ಬಿಟ್ಟಮೇಲೆ ಮತ್ತೆ ಅವಳಾಗಿ ಅವನನ್ನು ಮುಟ್ಟಿದ್ದು ಕಡಿಮೆ. ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ಪಾಳಿ ಮುಗಿಸಿ ಬಂದರೆ ಬಾಗಿಲು ತೆಗೆದಳು. ಮಕ್ಕಳಾಗಲಿಲ್ಲ. ಯಾಕಾಗಲಿಲ್ಲ ಎಂದು ಅವಳೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಗಾಡಿ ಹಳಿಯಾಳದ ಮಾವನ ಮನೆಯ ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಬಿದ್ದುಕೊಂಡಿತ್ತು. ಈ ಸಲದ ನಾಗರಪಂಚಮಿಗೆ ಎಲ್ಲರೂ ಊಟಕ್ಕೆ ಕೂತಾಗ ಗೂಳಪ್ಪ, ಪೇಪರಿನಲ್ಲಿ ಬಂದಿದ್ದ ಹಳೆಯ ಗಾಡಿಗಳ ಫೋಟೋ ತೋರಿಸಿ, ನಮ್ಮ ಜಾವಾನೂ ಹಿಂಗ ಮಾಡಿಸಿ ನನ್ನ ಎಸ್‌ಟಿಡಿ ಅಂಗಡಿಯ ಮುಂದೆ ನಿಲ್ಲಿಸಬೇಕು ಎಂದ. ಮಾವ ಕರಿಬಸಪ್ಪ ಮೊದಲು, "ಬಿಡೋ, ಅದನ್ಯಾಕ ಮತ್ತ ಮುಟ್ಟತಿ" ಎಂದರು. ಗೂಳಪ್ಪ ಹಟ ಹಿಡಿದ. ಆಗ ಮುದುಕರು ಎಳ್ಳಿನ ಉಂಡಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ, "ಮಾಡೂದಿದ್ರ ಕೆಡಿಸಿದವರ ಮಾಡ್ಲಿ" ಎಂದುಬಿಟ್ಟರು. ಪಂಕ್ತಿಯಲ್ಲಿ ಕೂತ ಹದಿನೈದು ಮಂದಿ ತಮ್ಮ ತಮ್ಮ ಎಲೆ ನೋಡಿಕೊಂಡರು. ಬಡಿಸುತ್ತಿದ್ದ ಸುನಂದಾ ಗಂಡನ ಎಲೆಯ ತುದಿಗೆ ಒಂದು ಉಂಡಿ ಇಟ್ಟು ಮುಂದೆ ಹೋದಳು. ಅದನ್ನು ತಿನ್ನುವುದೋ ಬಿಡುವುದೋ ತಿಳಿಯದೆ ವೀರೇಶ ಬಹಳ ಹೊತ್ತು ಅದರೊಳಗಿನ ಎಳ್ಳು ನೋಡುತ್ತ ಕೂತಿದ್ದ. ವಾರದೊಳಗೆ ಗಾಡಿ ಟೆಂಪೋದಲ್ಲಿ ದಾಂಡೇಲಿಗೆ, ಅಂಬೇವಾಡಿಯ ಅವನ ಬಾಡಿಗೆ ಮನೆಯ ಹಿತ್ತಲಿಗೆ ಬಂದಿಳಿಯಿತು. ಜೊತೆಗೆ ಒಂದು ಚೀಲ ಅರಿವೆ ಹಿಡಿದುಕೊಂಡು ಗೂಳಪ್ಪನೂ ಇಳಿದ. ಕೆಲಸ ಮುಗಿಯುವವರೆಗೂ ಇಲ್ಲೇ ಇರುತ್ತೇನೆ ಎಂದ. ವೀರೇಶ ಕಾಗದದ ಮಿಲ್ಲಿಗೆ ರಜೆ ಬರೆದುಕೊಟ್ಟ.

ಬಿಚ್ಚುವುದು ಅವನಿಗೆ ಗೊತ್ತಿದ್ದ ಕೆಲಸ. ಆದರೆ ಈ ಗಾಡಿ ಬಿಚ್ಚುವಾಗ ನಟ್ಟು ತಿರುವುವ ಪಾನಾ ಹಿಡಿದ ಕೈಯೇ ಬೇರೆಯವರದು ಅನ್ನಿಸುತ್ತಿತ್ತು. ಕಿಕ್ಕೂ ಗೇರೂ ಒಂದೇ ಆಗಿದ್ದ ಆ ಕಾಲಿನ ಲಿವರ್. ಅದನ್ನು ಒತ್ತಿ ಹಿಂದಕ್ಕೆ ತಿರುವಿ ಶುರು ಮಾಡುವುದನ್ನು ಮಾವನೇ ಕಲಿಸಿದ್ದರು, ಕಲಿಸುವಾಗ ಓಣಿಯ ಮಂದಿಯನ್ನೆಲ್ಲ ಕರೆದಿದ್ದರು. ಮದುವೆಯಾದಾಗ ತಮ್ಮ ಗಾಡಿಯನ್ನು ಅಳಿಯನಿಗೆ ಕೊಟ್ಟರು ಎಂದು ಹೇಳುವ ಹಾಗಿರಲಿಲ್ಲ, ಓಡಿಸಲು ಬಿಟ್ಟಿದ್ದರು. ಭೇಟಿಯಾದಾಗಲೆಲ್ಲ ಮೊದಲ ಮಾತು, "ನನ್ನ ಗಾಡಿ ಹೆಂಗೈತ್ರಿ ಅಳಿಯಾರ?" ಗಾಡಿ ಉರುಳಿದ ಆ ದಿನ ಬಿಸಿಲು ರಸ್ತೆಯ ಡಾಂಬರನ್ನು ಮೆತ್ತಗೆ ಮಾಡಿತ್ತು, ಸಾಗವಾನಿ ಎಲೆಗಳು ಉದುರಿ ಕಾಡು ಬೋಳಾಗಿತ್ತು, ಹಿಂದಿನಿಂದ ಗೂಳಪ್ಪ ನಗುತ್ತ ನಗುತ್ತ ಹೇಳುತ್ತಿದ್ದ: ಮಾಮಾ, ಕೈಗಡಿಯಾರ ಅಪ್ಪಂದು, ಮೈಮ್ಯಾಲಿನ ಸಫಾರಿ ಅಪ್ಪಂದು, ಗಾಡಿ ಅಪ್ಪಂದು, ಮಿಲ್ಲಿನ್ಯಾಗ ನೌಕರಿ ಹಚ್ಚಿದವರೂ ಅಪ್ಪನ ಗೆಳ್ಯಾರ. ನಿಮ್ದು ಅಂತ ಏನೈತ್ರಿ? ಹುಡುಗಾಟಿಕೆಯ ಮಾತು. ಹುಡುಗನ ಬಾಯಿಂದ ವೀಳ್ಯದೆಲೆಯ ವಾಸನೆ ಬರುತ್ತಿತ್ತು. ವೀರೇಶನಿಗೆ ಕಿವಿಯ ಹಿಂದೆ ಏನೋ ಕುದಿದ ಹಾಗಾಗಿ, "ಬೀಳ ಮಗನ" ಎಂದು ಹಲ್ಲು ಕಚ್ಚಿ, ಹ್ಯಾಂಡಲ್ಲನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುವಿದ್ದ. ಬೆಚ್ಚಲಿ, ತನ್ನ ಸೊಂಟ ಹಿಡಿದುಕೊಳ್ಳಲಿ, ಅಷ್ಟೇ. ನಾಯಿ ಇರಲಿಲ್ಲ. ಆ ರಸ್ತೆಯಲ್ಲಿ ಆ ಹೊತ್ತಿಗೆ ಒಂದು ಹಕ್ಕಿಯೂ ಇರಲಿಲ್ಲ. ಹುಚ್ಚನ ಹಾಗೆ ಓಡಿಸಿದ ಎಂದು ಎಲ್ಲರೂ ಬಯ್ದರು. ಬಯ್ಗುಳ ನಿಜಕ್ಕಿಂತ ಸಣ್ಣದಾಗಿತ್ತು. ಅದರ ಮರೆಯಲ್ಲಿ ಅವನು ಹನ್ನೆರಡು ವರ್ಷ ಬದುಕಿದ.

ಪಿನ್ನು ಒಮ್ಮೆಲೇ ಸಡಿಲಾಗಿ ಹೊರಗೆ ಬಿತ್ತು. ಸುತ್ತಿಗೆ ಹೆಬ್ಬೆರಳಿಗೆ ಬಡಿಯಿತು. ಗೂಳಪ್ಪ ನಕ್ಕ.

ಈಗ ಉಳಿದದ್ದು ಬರೀ ಚಾಸಿ. ಹುಬ್ಬಳ್ಳಿಯಲ್ಲಿ ಕಪಾಟು, ಕಿಟಕಿಗಳಿಗೆ ಪೌಡರ್ ಕೋಟಿಂಗ್ ಮಾಡುವ ಸಾತಪ್ಪನೆಂಬವನು ಫೋನಿನಲ್ಲಿ ಹತ್ತು ಸಲ ಹೇಳಿದ್ದ: ಹಳೇ ಬಣ್ಣ ಒಂದು ಚೂರೂ ಇರಬಾರದು, ಜಂಗು ತುಕ್ಕು ಇರಬಾರದು, ಮುಖ್ಯವಾಗಿ ತಗ್ಗು ತುಂಬುವ ಪುಟ್ಟಿ ಇರಬಾರದು. "ಪುಡಿ ಹೊಡದು ಒಲ್ಯಾಗ ಇನ್ನೂರ ಡಿಗ್ರಿಗೆ ಬೇಯಿಸ್ತೇವ್ರಿ. ಒಳಗ ಪುಟ್ಟಿ ಇತ್ತಂದ್ರ ಗುಳ್ಳಿ ಎದ್ದು ಎಲ್ಲಾ ಹಾಳಾಗ್ತೈತಿ. ಕಬ್ಬಣ ಬತ್ತಲೆ ಮಾಡಿ ತರ್ರಿ." ವೀರೇಶ ಹ್ಯಾಂಡಲ್ ಕೂರುವ ಕುತ್ತಿಗೆಯಿಂದ ಬೇರಿಂಗ್ ಬಟ್ಟಲುಗಳನ್ನು ತಟ್ಟಿ ತೆಗೆದ, ಬೋಲ್ಟಿನ ತೂತುಗಳಿಗೆ ಹಳೆಯ ಬೋಲ್ಟು ತಿರುವಿ ಮುಚ್ಚಿದ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬ್ರಶ್ಶಿನಿಂದ ಪೇಂಟ್ ರಿಮೂವರ್ ಬಳಿದ. ಮೆರೂನ್ ಬಣ್ಣ ಸುಟ್ಟ ಚರ್ಮದ ಹಾಗೆ ಉಬ್ಬಿ ಸುಕ್ಕುಗಟ್ಟಿ ಪದರು ಪದರಾಗಿ ಎದ್ದಿತು. ಕೆರೆದಂತೆ ಚೌಕ ನಳಿಗೆಗಳ ಬೂದು ಕಬ್ಬಿಣ ಬೆಳಕಿಗೆ ಬಂತು. ಕುತ್ತಿಗೆಯ ಕೆಳಗೆ ಮಾತ್ರ ಬೂದು ಬರಲಿಲ್ಲ. ಹಳದಿ ಬಿಳುಪಿನ ದಪ್ಪ ಪುಟ್ಟಿ. ಉಳಿಯಿಟ್ಟು ಬಡಿದರೆ ಬಿಲ್ಲೆ ಬಿಲ್ಲೆಯಾಗಿ ಉದುರಿತು. ಅದರಡಿಯಲ್ಲಿ, ನಳಿಗೆಯನ್ನು ಪೂರ್ತಿ ಸುತ್ತುವರಿದು, ಕಂಬಳಿಹುಳದ ಹಾಗೆ ಒರಟಾದ ಒಂದು ವೆಲ್ಡಿಂಗ್ ಗೆರೆ.

ಚಹಾ ತಂದ ಸುನಂದಾ ಲೋಟ ಹಿಡಿದುಕೊಂಡೇ ಬಗ್ಗಿ ನೋಡಿದಳು. "ಏನ್ರೀ ಅದು?"

"ಮುರದಿತ್ತು. ಯಾರೋ ಬೆಸೆದಾರ."

"ಯಾವಾಗ?"

"ನಮ್ಮ ಕೈಗೆ ಬರೂಕಿಂತ ಮೊದಲ. ಆಮ್ಯಾಲೆ ಯಾರ ಮುಟ್ಟ್ಯಾರ ಇದನ್ನ?"

ಇಷ್ಟನ್ನೇ ಅವನು ಹೇಳಿದ್ದು. ಇದರಲ್ಲಿ ಸುಳ್ಳಿರಲಿಲ್ಲ. ಉಳಿದದ್ದನ್ನೆಲ್ಲ ಅವಳೇ ಕಟ್ಟಿಕೊಂಡಳು. ಕಟ್ಟಿಕೊಳ್ಳುತ್ತಿರುವುದು ಅವಳ ಮುಖದ ಮೇಲೆ ಅವನಿಗೆ ಕಾಣುತ್ತಿತ್ತು. ಮುರಿದ ಕುತ್ತಿಗೆಯ ಗಾಡಿ, ಅದಕ್ಕೇ ಹ್ಯಾಂಡಲ್ ಜೋಲಿ ಹೊಡೆದಿದೆ, ಪಾಪ ಇವರು ನಾಯಿ ಎಂದುಕೊಂಡರು. ಲೋಟ ನೆಲದ ಮೇಲಿಟ್ಟು, ರಾಸಾಯನಿಕ ಮೆತ್ತಿದ ಅವನ ಮೊಣಕೈಯನ್ನು ಅವಳು ಹಿಡಿದುಕೊಂಡಳು. "ಹನ್ನೆರಡ ವರ್ಷ... ನಾ ನಿಮ್ಮನ್ನ..." ಎಂದಳು. ವೀರೇಶ ಗೂಳಪ್ಪನ ಕಡೆ ನೋಡಿದ. ಗೂಳಪ್ಪ ಚಾಸಿಯನ್ನು ನೋಡುತ್ತಿರಲಿಲ್ಲ. ವೀರೇಶನನ್ನೇ ನೋಡುತ್ತಿದ್ದ.

ಸುನಂದಾ ತಂದೆಗೆ ಫೋನು ಹಚ್ಚಿದಳು. ಮರುದಿನ ಮುಂಜಾನೆಯ ಬಸ್ಸಿಗೆ ಕರಿಬಸಪ್ಪ ಬಂದರು. ಮಗಳು ಒಳಗೆ ಬನ್ನಿ ಎನ್ನಲಿಲ್ಲ, ನೀರು ಕೊಡಲಿಲ್ಲ, ನೇರ ಹಿತ್ತಲಿಗೆ ಕರೆದೊಯ್ದು ಚಾಸಿಯ ಮುಂದೆ ನಿಲ್ಲಿಸಿದಳು. ಮುದುಕರು ಬಗ್ಗಿ ಆ ವೆಲ್ಡಿಂಗ್ ಗೆರೆ ನೋಡಿದರು. ಅವರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

"ಎಂಬತ್ತೊಂಬತ್ತರಾಗ ಮುಂಡಗೋಡದಿಂದ ಬರೂವಾಗ ಚಿಗಳ್ಳಿ ಹತ್ರ ಚಕ್ಕಡಿಗೆ ಹೊಡದಿದ್ದೆ," ಎಂದರು. "ಕುತ್ತಿಗಿ ಮುರೀತು. ಊರಾಗ ನಗತಾರಂತ ಹೊರಗಿಂದ ಹೊರಗ ಬೆಸಿಸಿ ಬಣ್ಣಾ ಹೊಡಸಿದೆ."

"ಗೊತ್ತಿದ್ದೂ ಇವರಿಗೆ ಕೊಟ್ಟಿ?"

"ಗಟ್ಟಿ ಆಗೇತಿ ಅಂದಿದ್ರವ್ವಾ."

"ದವಾಖಾನ್ಯಾಗ ಯಾಕ ಹೇಳಲಿಲ್ಲ?"

"ಹೇಳಬೇಕಂತ ಬಾಯಿ ತಗದಿದ್ದೆ. ಅಷ್ಟರಾಗ ನೀ ಅಳಿಯಾರ ಕೊರಳಪಟ್ಟಿ ಹಿಡದಿದ್ದಿ." ಮುದುಕರು ತಲೆಯ ರುಮಾಲು ತೆಗೆದರು. "ಸುಮ್ನಾದೆ. ಒಮ್ಮೆ ಸುಮ್ನಾದಮ್ಯಾಲ ಮುಂದ ಹೆಂಗ ಹೇಳೂದು?"

ಸುನಂದಾ ತಂದೆಗೆ ಏನೇನು ಅಂದಳೋ ವೀರೇಶನಿಗೆ ಪೂರ್ತಿ ಕೇಳಿಸಲಿಲ್ಲ. ಅವನೊಳಗೆ ಬೆಚ್ಚಗಿನ, ಸಿಹಿಯಾದ ಏನೋ ಒಂದು ಏರುತ್ತಿತ್ತು. ಚಳಿಗಾಲದಲ್ಲಿ ಬಾಯ್ಲರಿನ ಪಕ್ಕ ನಿಂತ ಹಾಗೆ. ಪಂಚಮಿಯ ಪಂಕ್ತಿಯಲ್ಲಿ ಉಂಡಿ ಮುರಿದ ಕೈ ಈಗ ತೆಗೆದ ರುಮಾಲನ್ನು ಹಿಡಿದುಕೊಂಡಿತ್ತು. "ತಪ್ಪಾತ್ರಿ ಅಳಿಯಾರ," ಎಂದಿತು ಆ ಬಾಯಿ. ಈಗ ಹೇಳಬಹುದು, ಒಂದೇ ಮಾತಿನಲ್ಲಿ ಈ ಮುದುಕನನ್ನು ಎತ್ತಿ ನಿಲ್ಲಿಸಬಹುದು ಎಂದು ವೀರೇಶ ಯೋಚಿಸಿದ. ಯೋಚಿಸುತ್ತಿರುವಾಗಲೇ, "ಹೋಗ್ಲಿ ಬಿಡ್ರಿ ಮಾವಾರ. ಆಗೂದು ಆಗಿ ಹೋತು," ಎಂಬ ದೊಡ್ಡ ಮನಸ್ಸಿನ ದನಿ ತನ್ನ ಬಾಯಿಂದ ಬಂದದ್ದು ಕೇಳಿಸಿತು. ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಕರಿಬಸಪ್ಪ ಊಟ ಮಾಡದೆ ಮುಂದಿನ ಬಸ್ಸಿಗೆ ಹೋದರು.

ಅದಾದ ಎರಡು ದಿನ ಸುನಂದಾ ಬೇರೆಯವಳೇ. ಅವನ ಅಂಗಿಯ ಗುಂಡಿ ಹಚ್ಚಿದಳು, ಎಮರಿ ಪೇಪರಿನಿಂದ ಸವೆದ ಅವನ ಬೆರಳುಗಳಿಗೆ ಕೊಬ್ಬರಿಎಣ್ಣೆ ಸವರಿದಳು, ಅತ್ತಿವೇರಿಗೆ ಹಕ್ಕಿ ನೋಡಲು ಹೋಗೋಣವೇ ಎಂದು ಹುಡುಗಿಯ ಹಾಗೆ ಕೇಳಿದಳು. ಅವಳ ಕೈ ತಾಗಿದಾಗಲೆಲ್ಲ ಅವನಿಗೆ ಕಳವಿನ ಸಾಮಾನು ಮುಟ್ಟಿದ ಹಾಗಾಗುತ್ತಿತ್ತು, ಮತ್ತು ಆ ಸಾಮಾನು ಬಿಟ್ಟುಕೊಡುವ ಮನಸ್ಸಾಗುತ್ತಿರಲಿಲ್ಲ. ತಂದೆಯ ಫೋನು ಬಂದರೆ ಅವಳು ರಿಸೀವರ್ ಎತ್ತಿ ತಿರುಗಿ ಇಟ್ಟುಬಿಡುತ್ತಿದ್ದಳು. ಗೂಳಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಅಣಕವಾಡಲಿಲ್ಲ. ಅವನ ಅಣಕವಿಲ್ಲದ ಹಿತ್ತಲಲ್ಲಿ ವೀರೇಶನಿಗೆ ಕೆಲಸ ಸಾಗುತ್ತಿರಲಿಲ್ಲ.

ಮೂರನೆಯ ದಿನ ನಸುಕಿಗೆ ಚಾಸಿಯನ್ನು ಗೋಣಿತಟ್ಟಿನಲ್ಲಿ ಸುತ್ತಿ, ಟೆಂಪೋ ಹಿಡಿದು ಇಬ್ಬರೂ ಹುಬ್ಬಳ್ಳಿಗೆ ಹೋದರು. ಸಾತಪ್ಪ ಐವತ್ತರ, ಕಿವಿಯಲ್ಲೆಲ್ಲ ನೀಲಿ ಪುಡಿ ಮೆತ್ತಿದ ಮನುಷ್ಯ. ಚಾಸಿಯನ್ನು ಕೊಂಡಿಗೆ ತೂಗುಹಾಕಿ, ಬೆರಳಾಡಿಸಿ, ಕುತ್ತಿಗೆಯ ಹತ್ತಿರ ನಿಂತ. ಅಂಗಡಿಯೊಳಗೆ ಹೋಗಿ ಸಣ್ಣ ಸುತ್ತಿಗೆ ತಂದು ವೆಲ್ಡಿಂಗಿನ ಸುತ್ತ ತಟ್ಟಿದ. ಗಂಟೆಯ ಹಾಗೆ ಸ್ವಚ್ಛ ದನಿ ಬಂತು. ಭೂತಗನ್ನಡಿ ಹಿಡಿದು ನೋಡಿದ.

"ನೋಡಾಕ ಹೊಲಸ ಐತಿ, ಕೆಲಸ ಬೇಷ್ ಐತ್ರಿ," ಎಂದ. "ಒಂದ ಕೂದಲೆಳಿ ಸೀಳ ಸುದ್ದಾ ಇಲ್ಲ. ಬ್ಯಾರೆ ಎಲ್ಲೆರೆ ಮುರದೀತು, ಇಲ್ಲಿ ಮುರಿಯೂದಿಲ್ಲ. ಇದು ಬಿಟ್ಟೇ ಇಲ್ಲ ಎಂದೂ. ಕಲರ್ ಯಾವದ್ರಿ?"

"ಕರೇದು," ಎಂದ ಗೂಳಪ್ಪ, ವೀರೇಶನಿಗಿಂತ ಮೊದಲು.

ಚಾಸಿಯನ್ನು ಅಲ್ಲೇ ಬಿಟ್ಟು ತಿರುಗಿ ಬರುವಾಗ ಬಸ್ಸು ಹಳಿಯಾಳ ದಾಟಿತು. ಕಾಡು ಶುರುವಾದಾಗ ಗೂಳಪ್ಪ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ: "ಅವತ್ತ ಹ್ಯಾಂಡಲ್ಲ ತಾನ ತಿರಗಲಿಲ್ಲ ಮಾಮಾ. ನೀವ ತಿರಿವಿದ್ರಿ. 'ಬೀಳ ಮಗನ' ಅಂದದ್ದು ನನಗ ಕೇಳಿಸೇತಿ."

ವೀರೇಶನಿಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗಲಿಲ್ಲವೆಂಬುದೇ ಅವನನ್ನು ಹೆದರಿಸಿತು. "ಯಾಕ ಹೇಳಲಿಲ್ಲ?"

"ಹೇಳಿದ್ರ ಒಂದ ದಿನ ಬಡದಾಡಿ, ಅಕ್ಕನ್ನ ಕರ್ಕೊಂಡ ಹೋಗಿ ಮುಗಿಸಿಬಿಡ್ತಿದ್ರು. ನೀವು ಎಲ್ಲೆರೆ ದೂರ ಹೋಗಿ ಇನ್ನೊಂದ ಲಗ್ನಾ ಆಗಿ ಆರಾಮ ಇರ್ತಿದ್ರಿ. ನನಗ ಮುಗಿಯೂದು ಬ್ಯಾಡಾಗಿತ್ತು. ಹಬ್ಬ ಹಬ್ಬಕ್ಕ ನೀವು ನನ್ನ ಎದರಿಗೆ ಕುಂತು ಉಣೂದು ನೋಡಬೇಕಿತ್ತು." ಅವನು ಈಗ ಇತ್ತ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆ ತುಂಬಿದವನ ನಿಶ್ಚಿಂತೆಯಿತ್ತು. "ಅಪ್ಪನೂ ಮುಚ್ಚಿಟ್ಟಿದ್ದು ಗೊತ್ತಿರಲಿಲ್ಲ ನೋಡ್ರಿ. ಈಗ ನನ್ನ ಕೈಯಾಗ ಇಬ್ರಾದ್ರಿ."

"ಈಗರೆ ಹೇಳ್ತಿ?"

"ನಂಗೇನ ಹುಚ್ಚೇನ್ರಿ? ಅಂಬೇವಾಡ್ಯಾಗ ಒಂದ ಅಂಗಡಿ ನೋಡೇನಿ. ಹಳಿಯಾಳದ್ದು ಮುಚ್ಚಿ ಇಲ್ಲೇ ಬರ್ತೇನಿ. ಅಕ್ಕ ಹ್ಞೂಂ ಅಂದಾಳ. ನಿಮ್ಮ ಮನ್ಯಾಗ ಇರ್ತೇನಿ."

ಕೆರವಾಡ ಬಂತು, ಹೋಯಿತು. ಯಾರೋ ಇಳಿದರು, ಯಾರೋ ಹತ್ತಿದರು. ಮಿಲ್ಲಿನ ಚಿಮಣಿ ಕಾಣುವ ಹೊತ್ತಿಗೆ ವೀರೇಶನಿಗೆ ತನ್ನ ಮುಂದಿನ ವರ್ಷಗಳು ಒಂದೊಂದಾಗಿ ಕಾಣತೊಡಗಿದವು: ಹೆಂಡತಿಯ ಪ್ರೀತಿ, ಅದರ ಹಿಂದೆ ಕೂತು ನೋಡುತ್ತಿರುವ ಈ ಎರಡು ಕಣ್ಣು. ಅವನು ಹನ್ನೆರಡು ವರ್ಷ ತನ್ನದೆಂದುಕೊಂಡು ಹೊತ್ತ ಗುಟ್ಟು ಕೂಡ ಅವನದಾಗಿರಲಿಲ್ಲ. ಅದೂ ಇವನ ಜೇಬಿನಲ್ಲಿತ್ತು.

ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು. ಸುನಂದಾ ಊಟ ಮಾಡದೆ ಕಾದಿದ್ದಳು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮೂರು ತಾಟು ಹಾಕಿ, ಗಂಡನ ಪಕ್ಕದಲ್ಲೇ ಕೂತಳು. ಮದುವೆಯ ಹೊಸತರಲ್ಲಿ ಹೀಗೆ ಕೂರುತ್ತಿದ್ದಳು. ಎದುರಿಗೆ ಗೂಳಪ್ಪ ರೊಟ್ಟಿ ಮುರಿದು, "ಮಾಮಾಗ ಇನ್ನೊಂದ ಬದ್ನಿಕಾಯಿ ಹಾಕಕ್ಕಾ, ಭಾಳ ದಣದಾರ," ಎಂದ. ಆಗ ಫೋನು ರಿಂಗಾಯಿತು.

"ಅಪ್ಪ ಇರಬೇಕು. ಎತ್ತಬ್ಯಾಡ್ರಿ," ಎಂದಳು ಸುನಂದಾ.

ವೀರೇಶ ಎದ್ದ. ಎಂಜಲ ಕೈ ಹಿಂದೆ ಹಿಡಿದು, ಎಡಗೈಯಿಂದ ರಿಸೀವರ್ ಎತ್ತಿದ. ಆಚೆಯಿಂದ ಮುದುಕರ ಉಸಿರು ಕೇಳಿಸಿತು, ಆಮೇಲೆ, "ಸುನಂದಾ? ಇಡಬ್ಯಾಡವ್ವಾ, ಒಂದ ಮಾತು..." ಗೂಳಪ್ಪ ತುತ್ತು ಹಿಡಿದುಕೊಂಡು ನೋಡುತ್ತಿದ್ದ. ತಾನೀಗ ಮಾಡಲಿರುವುದು ಪಶ್ಚಾತ್ತಾಪವಲ್ಲವೆಂದು ವೀರೇಶನಿಗೆ ಚೆನ್ನಾಗಿ ತಿಳಿದಿತ್ತು. ಮುದುಕರ ಮೇಲಿನ ಕರುಣೆಯೂ ಅಲ್ಲ. ಆ ಎರಡು ಕಣ್ಣುಗಳಿಂದ ಆ ಗುಟ್ಟನ್ನು ಕಿತ್ತುಕೊಳ್ಳಬೇಕಾಗಿತ್ತು, ಅಷ್ಟೇ. ಏನು ಹೋದರೂ ಸರಿ.

"ಮಾವಾರ, ನಾ ವೀರೇಶ. ಗಾಡಿ ಅವತ್ತ ಮುರೀಲಿಲ್ರಿ. ನಿಮ್ಮ ವೆಲ್ಡಿಂಗ್ ಇವತ್ತಿಗೂ ಗಟ್ಟಿ ಐತಿ. ನಾಯೀನೂ ಬರಲಿಲ್ಲ. ಗೂಳಪ್ಪ ಒಂದ ಮಾತ ಅಂದ, ನನಗ ಸಿಟ್ಟ ಬಂತು, ಬೀಳ್ಲಿ ಅಂತ ನಾನ ಹ್ಯಾಂಡಲ್ ತಿರಿವಿದೆ. ಇದು ಗೂಳಪ್ಪಗ ಮೊದಲಿಂದ ಗೊತ್ತೈತಿ."

ವೀರೇಶ ರಿಸೀವರ್ ಇಟ್ಟ.

ಸುನಂದಾ ಕೂಗಾಡಲಿಲ್ಲ. ಮೊದಲು ಗಂಡನನ್ನು ನೋಡಿದಳು, ಆಮೇಲೆ ತಮ್ಮನನ್ನು. ತಮ್ಮನನ್ನು ನೋಡಿದ್ದು ಹೆಚ್ಚು ಹೊತ್ತು. "ನಿನಗ ಗೊತ್ತಿತ್ತೇನೋ ಗೂಳ್ಯಾ? ನನ್ನ ಜೀವನಾ ಹಾಳಾಗೂದು ಹಿಂಗ ತಣ್ಣಗ ಕುಂತು ನೋಡಿದಿ?" ಅವಳು ಕೈ ತೊಳೆದುಕೊಂಡು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದು ಬಂತು. ಹೊರಗೆ ಬಂದಾಗ ಸೀರೆ ಬದಲಾಗಿತ್ತು, ಕೈಯಲ್ಲಿ ಚೀಲವಿತ್ತು.

"ಅಪ್ಪನ ಕಡೆ ಹೊಂಟೇನಿ," ಎಂದಳು. ಗೂಳಪ್ಪ ಏಳಲು ಹವಣಿಸಿದಾಗ, "ನೀ ಬರಬ್ಯಾಡ. ಇಬ್ರೂ ಇಲ್ಲೇ ಇರ್ರಿ. ಒಬ್ಬರಿಗೊಬ್ಬರು ತಕ್ಕವರಿದ್ದೀರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಅವಳು ತಿರುಗಿ ನೋಡುವಳೋ ಎಂದು ವೀರೇಶ ಕಿಟಕಿಯಿಂದ ನೋಡಿದ. ತಿರುವಿನಲ್ಲಿ ಅವಳು ನಿಂತದ್ದು ಎದುರಿನಿಂದ ಬಂದ ಸೈಕಲ್ಲಿಗೆ ದಾರಿ ಬಿಡಲು.

ಗೂಳಪ್ಪ ಅಳುತ್ತಿದ್ದ. ಆಸ್ಪತ್ರೆಯಲ್ಲಿ ಕೂಡ ಅವನು ಅತ್ತದ್ದನ್ನು ವೀರೇಶ ನೋಡಿರಲಿಲ್ಲ. "ಅದು ನಂದ ಇತ್ತಲ್ರೀ ಮಾಮಾ," ಎಂದ, ಮಗುವಿನ ಹಾಗೆ ಮೂಗು ಒರೆಸಿಕೊಳ್ಳುತ್ತ. "ನನಗಂತ ಅದೊಂದ ಇತ್ತು. ನೀವ್ಯಾಕ ಹೇಳಿದ್ರಿ?"

ವೀರೇಶನಿಗೆ ಖುಷಿಯಾಯಿತು. ಅದನ್ನು ತಡೆಯಲು ಅವನು ಪ್ರಯತ್ನಿಸಲೂ ಇಲ್ಲ. ಏಟು ಸರಿಯಾದ ಜಾಗಕ್ಕೆ ಬಿದ್ದಿತ್ತು. ಆ ಖುಷಿ ಆರುತ್ತ ಬಂದಾಗಲಷ್ಟೇ ಮನೆಯಲ್ಲಿ ಬೇರೆ ಯಾರ ಸದ್ದೂ ಇಲ್ಲವೆಂಬುದು ಅವನಿಗೆ ಕೇಳಿಸಿತು. ಗೂಳಪ್ಪ ಅಳು ನಿಲ್ಲಿಸಿದ. ಗೋಡೆ ಹಿಡಿದು ಎದ್ದು, ಕುಂಟುತ್ತ ಹೋಗಿ, ಸುನಂದಾ ತೆರೆದಿಟ್ಟು ಹೋಗಿದ್ದ ಬಾಗಿಲನ್ನು ಮುಚ್ಚಿ ಒಳಗಿನಿಂದ ಚಿಲಕ ಹಾಕಿದ. ಆಮೇಲೆ ಬಂದು, ತನ್ನ ತಾಟಿನ ಮುಂದೆ, ವೀರೇಶನ ತಾಟಿಗೆ ಎದುರಾಗಿ ಕೂತು, ಅವನು ಬಂದು ಉಣ್ಣುವುದನ್ನು ಕಾಯತೊಡಗಿದ.